ಮದುವೆ ಫೋಟೊಗೆ ಮೊಬೈಲ್ ಸಾಕಾ? ಅಡ್ವಾನ್ಸ್ ಕೊಡುವ ಮುನ್ನ ಇದನ್ನು ಓದಿ

ಮದುವೆ ಸೀಸನ್ ಬಂತೆಂದರೆ ಛತ್ರ, ಅಡುಗೆ ಭಟ್ಟರು, ವಾಲಗದವರಿಗೆ ಮೊದಲೇ ಅಡ್ವಾನ್ಸ್ ಹೋಗುತ್ತದೆ. ಖರ್ಚು ಕಡಿಮೆ ಮಾಡೋಣ ಅಂದಾಗ ಕತ್ತರಿ ಬೀಳುವುದು ಮಾತ್ರ ಫೋಟೊಗ್ರಾಫರ್‌ಗೆ. ‘ನಮ್ಮ ಹುಡುಗನ ಹತ್ರಾನೇ ಒಳ್ಳೆ ಫೋನ್ ಇದೆ, ಅವನೇ ಹೊಡಿತಾನೆ ಬಿಡಿ’ ಅನ್ನುವವರೇ ಹೆಚ್ಚು. ಆದರೆ ಫೋಟೊ ಸರಿ ಬರಲಿಲ್ಲವೆಂದು ಇನ್ನೊಮ್ಮೆ ತಾಳಿ ಕಟ್ಟಿಸಲು ಆಗುವುದಿಲ್ಲ.

ಮುಹೂರ್ತ ಕಾಯುವುದಿಲ್ಲ

ಅಂತರಪಟ ಸರಿಯುವುದು, ಜೀರಿಗೆ-ಬೆಲ್ಲ, ಮಾಂಗಲ್ಯಧಾರಣೆ ಎಲ್ಲವೂ ಕೆಲವೇ ನಿಮಿಷದಲ್ಲಿ ಮುಗಿಯುತ್ತವೆ. ಅದೇ ಹೊತ್ತಿಗೆ ಅಕ್ಷತೆ ಹಾಕಲು ನೆಂಟರೆಲ್ಲ ಮುಂದೆ ನುಗ್ಗುತ್ತಾರೆ. ಶಾಸ್ತ್ರದ ಕ್ರಮ ಬಲ್ಲ ಫೋಟೊಗ್ರಾಫರ್ ಮೊದಲೇ ಜಾಗ ಹಿಡಿದು ನಿಂತಿರುತ್ತಾರೆ. ಛತ್ರದ ಮಂದ ಬೆಳಕಿನಲ್ಲಿ ಫೋನಿನ ಶಟರ್ ನಿಧಾನವಾಗುತ್ತದೆ; ಕೈ ಅಲುಗಿದರೂ, ಎದುರಿನವರು ಅಲುಗಿದರೂ ಚಿತ್ರ ಮಸುಕು. ಅನುಭವಿಗಳು ಫ್ಲ್ಯಾಶ್, ಲೈಟ್ ಜೊತೆಗೇ ತರುತ್ತಾರೆ.

ವಾಟ್ಸಾಪ್ ಫೋಟೊ ಆಲ್ಬಮ್‌ಗೆ ಸಾಲದು

ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ಸುಮಾರು 1600 ಪಿಕ್ಸೆಲ್ ಉದ್ದಕ್ಕೆ ಕುಗ್ಗುತ್ತದೆ. ಒಳ್ಳೆ ಪ್ರಿಂಟ್‌ಗೆ ಇಂಚಿಗೆ 300 ಪಿಕ್ಸೆಲ್ ಬೇಕು. ಅಂದರೆ ಅದು ಸ್ಪಷ್ಟವಾಗಿ ಬರುವುದು 5 ಇಂಚಿನಷ್ಟೇ. ಆಲ್ಬಮ್‌ನ ದೊಡ್ಡ ಹಾಳೆಗೆ ಹಿಗ್ಗಿಸಿದರೆ ಮುಖವೇ ಒಡೆಯುತ್ತದೆ.

ಫೋಟೊ ಯಾರ ಸ್ವತ್ತು?

1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೊದ ಹಕ್ಕು ತೆಗೆಸಿದವರದ್ದು. ಬೇರೆ ಒಪ್ಪಂದ ಇರಬಾರದು ಅಷ್ಟೇ. ಹಾಗಾಗಿ ಸಹಿ ಹಾಕುವ ಮುನ್ನ ಸ್ಟುಡಿಯೊದ ಷರತ್ತು ಓದಿ. ನಿಮ್ಮ ಫೋಟೊವನ್ನು ಜಾಹೀರಾತಿಗೆ ಬಳಸುವ ಮಾತು ಅದರಲ್ಲಿದೆಯೇ ನೋಡಿ.

ಬಿಲ್‌ನಲ್ಲಿ ಬರೆಸಿಕೊಳ್ಳಿ

- ಅಡ್ವಾನ್ಸ್ ಎಷ್ಟು, ಬಾಕಿ ಯಾವಾಗ
- ಮುಹೂರ್ತ, ಆರತಕ್ಷತೆಗೆ ಯಾರು ಬರುತ್ತಾರೆ, ಎಷ್ಟು ಕ್ಯಾಮೆರಾ
- ಆಲ್ಬಮ್ ಅಳತೆ, ಹಾಳೆ ಲೆಕ್ಕ, ಕೊಡುವ ತಾರೀಖು
- ಮೂಲ ಫೋಟೊಗಳ ಪೆನ್‌ಡ್ರೈವ್ ಕೊಡುತ್ತಾರಾ
- ಏಕಕಾಲಕ್ಕೆ ಎರಡು ಮೆಮೊರಿ ಕಾರ್ಡ್‌ಗೆ ಸೇವ್ ಆಗುವ ಕ್ಯಾಮೆರಾ ಇದೆಯಾ

ಒಂದು ಕಾರ್ಡ್ ಕೆಟ್ಟರೂ ಇನ್ನೊಂದರಲ್ಲಿ ಮದುವೆ ಉಳಿಯುತ್ತದೆ. ಕೊನೆಯ ಪ್ರಶ್ನೆ ತಪ್ಪದೇ ಕೇಳಬೇಕಾದ್ದು ಇದಕ್ಕೇ.

ಮಾತಿನಂತೆ ಕೆಲಸ ಆಗದಿದ್ದರೆ 2 ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿವರೆಗಿದ್ದರೆ ದೂರಿನ ಶುಲ್ಕವಿಲ್ಲ. ಕೈಯಲ್ಲಿ ಬಿಲ್ ಇದ್ದರೆ ಕೇಸು ಗಟ್ಟಿ. ಬಿಲ್ ಕೊಡುವುದು ಸ್ಟುಡಿಯೊದವರಿಗೂ ಒಳ್ಳೆಯದೇ: ‘ಇದನ್ನೂ ಕೊಡ್ತೀನಿ ಅಂದಿದ್ರಿ’ ಅನ್ನುವ ಜಗಳ ಇರುವುದಿಲ್ಲ, ಬಾಕಿ ಹಣವೂ ಸಕಾಲಕ್ಕೆ ಬರುತ್ತದೆ.