ಆಪರೇಶನ್ ಆದವರು ಮನೆಗೆ ಬರುವ ಮೊದಲು

ನಮ್ಮ ಸೊನ್ನದ ಕಡೆಯವರು ದೊಡ್ಡ ಆಪರೇಶನ್ ಅಂದರೆ ಕಲಬುರಗಿಗೆ ಹೋಗುತ್ತೇವೆ. ಹೋಗುವ ಮೊದಲು ಏನೇನು ತಯಾರಿ ಮಾಡುತ್ತೇವೆ? ರೊಕ್ಕ ಹೊಂದಿಸುತ್ತೇವೆ. ಬುತ್ತಿ ಕಟ್ಟುತ್ತೇವೆ. ದೇವರಿಗೆ ಹರಕೆ ಹೊರುತ್ತೇವೆ. ಮನೆಯನ್ನು ಮಾತ್ರ ತಯಾರು ಮಾಡುವುದಿಲ್ಲ.

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನಿಗೆ ಗರ್ಭಚೀಲದ ಆಪರೇಶನ್ ಆಯಿತು. ದವಾಖಾನೆಯಿಂದ ಆರಾಮಾಗಿ ಮನೆಗೆ ಬಂದರು. ಹತ್ತನೆಯ ದಿನ ಮನೆಯಲ್ಲಿ ಯಾರೂ ಇರಲಿಲ್ಲ. ನಲ್ಲಿಗೆ ನೀರು ಬಂತು. "ಒಂದೇ ಕೊಡ ಅಲ್ಲೇನ್ರಿ" ಅಂತ ಎತ್ತಿದರು. ಹೊಲಿಗೆ ಬಿಚ್ಚಿತು. ಮತ್ತೆ ದವಾಖಾನೆ, ಮತ್ತೆ ಸಾಲ. ತಪ್ಪು ಆ ಅಕ್ಕನದು ಅಂತ ನಮಗೆ ಅನಿಸುವುದಿಲ್ಲ. ನೀರು ಯಾರು ತರಬೇಕು ಅಂತ ಮನೆಯವರು ಮೊದಲೇ ಮಾತಾಡಿರಲಿಲ್ಲ.

ಲೆಕ್ಕ ಮಾಡಿ ನೋಡೋಣ. ಒಂದು ಲೀಟರ್ ನೀರು 1 ಕಿಲೊ ತೂಗುತ್ತದೆ. 12 ಲೀಟರ್ ಹಿಡಿಯುವ ಕೊಡ ತುಂಬಿದರೆ ನೀರೇ 12 ಕಿಲೊ. ಹೊಟ್ಟೆಯ ದೊಡ್ಡ ಆಪರೇಶನ್ ಆದವರು ಸುಮಾರು 6 ವಾರ ಭಾರ ಎತ್ತಬಾರದು. ಹೊರಗಿನ ಹೊಲಿಗೆ ಬೇಗ ತೆಗೆಯುತ್ತಾರೆ. ಆದರೆ ಒಳಗಿನ ಗಾಯ ಮಾಯಲು ಬಹಳ ದಿನ ಬೇಕು. ಅದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಅತ್ತೆ, "ಹೊಲಿಗೆ ತೆಗೆದರಲ್ಲ, ಇನ್ನೇನು?" ಅನ್ನುತ್ತಾಳೆ.

ಆದ್ದರಿಂದ ದವಾಖಾನೆಗೆ ಹೋಗುವ ಮೊದಲೇ ಮನೆಯವರೆಲ್ಲ ಕೂತು ಮಾತಾಡಿ. ನೀರು ಯಾರು ತರುವುದು? ರೊಟ್ಟಿ ಯಾರು ಬಡಿಯುವುದು? ಎಮ್ಮೆಯ ಸಗಣಿ ಯಾರು ಬಳಿಯುವುದು? ಗಂಡ ನೀರು ತಂದರೆ ಓಣಿಯ ಮಂದಿ ಎರಡು ದಿನ ನಗಬಹುದು. ನಗಲಿ ಬಿಡಿ.

ಇನ್ನು ಮಲಗುವ ಜಾಗ. ನೆಲದ ಮೇಲೆ ಮಲಗಿ ಏಳುವುದು ಕಷ್ಟ. ಹೊರಸಿನ ಹಗ್ಗ ಜೋತು ಬಿದ್ದಿದ್ದರೆ ಅದೂ ಕಷ್ಟ. ಬಿಗಿ ಮಾಡಿಸಿ. ಮಂಚದ ಮೇಲೆ ಕೂತರೆ ಎರಡೂ ಪಾದ ನೆಲಕ್ಕೆ ಊರಬೇಕು. ಏಳುವಾಗ ಮೊದಲು ಮಗ್ಗುಲಿಗೆ ಹೊರಳಬೇಕು. ಆಮೇಲೆ ಕೈ ಊರಿ ಏಳಬೇಕು. ಕೆಮ್ಮು ಬಂದರೆ ಕೌದಿಯನ್ನು ಮಡಿಚಿ ಹೊಟ್ಟೆಗೆ ಒತ್ತಿ ಹಿಡಿಯಬೇಕು. ನೋವು ಕಡಿಮೆ ಆಗುತ್ತದೆ. ಹಾಗಂತ ಮಲಗಿಯೇ ಇರಬಾರದು. ಡಾಕ್ಟರು ಹೇಳಿದಂತೆ ಮನೆಯೊಳಗೆ ಸ್ವಲ್ಪ ಸ್ವಲ್ಪ ನಡೆಯಬೇಕು. ಇಲ್ಲದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು.

ನಮ್ಮ ಮನೆಗಳಲ್ಲಿ ಫರಸಿ ಕಲ್ಲಿನ ನೆಲ. ಒದ್ದೆ ಆದರೆ ಜಾರುತ್ತದೆ. ಬಚ್ಚಲ ದಾರಿಯನ್ನು ಒಣಗಿಸಿ ಇಡಿ. ದಾರಿಯಲ್ಲಿರುವ ಚೀಲ, ಕೊಡ ಸರಿಸಿ. ರಾತ್ರಿ ಕರೆಂಟ್ ಹೋದರೆ ಕೈಗೆ ಸಿಗುವ ಹಾಗೆ ಬ್ಯಾಟರಿ ಇಡಿ. ಕಾಲು, ಸೊಂಟದ ಎಲುಬು ಮುರಿದವರಿಗೆ ಕುಕ್ಕರಗಾಲಲ್ಲಿ ಕೂಡಲು ಆಗುವುದಿಲ್ಲ. ನಡುವೆ ತೂತು ಇರುವ ಕುರ್ಚಿ ಸಿಗುತ್ತದೆ. ಅದನ್ನು ಮೊದಲೇ ತಂದಿಡಿ.

ಗಾಯಕ್ಕೆ ಅರಿಶಿನ, ಬೂದಿ, ಎಣ್ಣೆ ಏನೂ ಹಚ್ಚಬೇಡಿ. ಗಾಯ ಮುಟ್ಟುವ ಮೊದಲು ಸಾಬೂನಿನಿಂದ ಕೈ ತೊಳೆಯಿರಿ.

ಊಟದ ಮಾತು ಬಂದರೆ ನಮ್ಮಲ್ಲಿ ಬೇಡಗಳೇ ಹೆಚ್ಚು. ಬೇಳೆ ತಿಂದರೆ ಕೀವು ಆಗುತ್ತದೆ, ಬದನೆಕಾಯಿ ನಂಜು, ನೀರು ಬಹಳ ಕುಡಿಯಬೇಡ ಅನ್ನುತ್ತಾರೆ. ಇದು ನಿಜ ಅಲ್ಲ. ಬೇಳೆ, ಹಾಲು, ತತ್ತಿ ಗಾಯ ಮಾಯಲು ಬೇಕು. ನೀರು, ಪಲ್ಯ ಕಡಿಮೆ ಆದರೆ ಮಲ ಗಟ್ಟಿ ಆಗುತ್ತದೆ. ತಿಣುಕಿದರೆ ಹೊಲಿಗೆಗೆ ಪೆಟ್ಟು. ಡಾಕ್ಟರು ಪಥ್ಯ ಹೇಳಿದ್ದರೆ ಅದನ್ನು ಪಾಲಿಸಿ.

ಇನ್ನೊಂದು ಮಾತು. ನಮ್ಮ ಕಲಬುರಗಿ ಜಿಲ್ಲೆಯಲ್ಲಿ ಬೇಕಿಲ್ಲದೆ ಗರ್ಭಚೀಲ ತೆಗೆದರು ಎಂಬ ದೂರು 2015ರಲ್ಲಿ ದೊಡ್ಡ ಸುದ್ದಿ ಆಗಿತ್ತು. ತೆಗೆಸಲು ಒಪ್ಪುವ ಮೊದಲು ಸರಕಾರಿ ದವಾಖಾನೆಯ ಡಾಕ್ಟರನ್ನೂ ಒಮ್ಮೆ ಕೇಳಿ.

ದವಾಖಾನೆಯಿಂದ ಬಿಡುವಾಗ ಒಂದು ಚೀಟಿ ಕೊಡುತ್ತಾರೆ. ಅದು ಇಂಗ್ಲಿಷಿನಲ್ಲಿ ಇದ್ದರೆ ನರ್ಸ್ ಬಾಯಿ ಕಡೆಯಿಂದ ಕೇಳಿ ಕನ್ನಡದಲ್ಲಿ ನೀವೇ ಬರೆದುಕೊಳ್ಳಿ. "ಕೆಂಪು ಗುಳಿಗೆ, ಮುಂಜಾನೆ 1, ರಾತ್ರಿ 1." ಮತ್ತೆ ಬರುವ ತಾರೀಖು ಬರೆಯಿರಿ. ಈಗ ನಿಮಗೆ ಬರೆಯಲು ಬರುತ್ತದಲ್ಲ! ಆ ಹಾಳೆಯನ್ನು ಮಂಚದ ಹತ್ತಿರ ಗೋಡೆಗೆ ಅಂಟಿಸಿ.

ಅದರ ಕೆಳಗೆ ಇದನ್ನೂ ಬರೆಯಿರಿ. ಜ್ವರ, ಗಾಯದಲ್ಲಿ ಕೀವು, ಕೆಟ್ಟ ವಾಸನೆ, ರಕ್ತ, ಮೂತ್ರ ಕಟ್ಟುವುದು, ಒಂದು ಕಾಲು ಬಾತು ನೋಯುವುದು. ಇದರಲ್ಲಿ ಒಂದು ಕಂಡರೂ ಅಂದೇ ದವಾಖಾನೆಗೆ ಹೋಗಬೇಕು. ಉಸಿರು ಕಟ್ಟಿದರೆ, ರಕ್ತ ನಿಲ್ಲದಿದ್ದರೆ ಕೂಡಲೇ 108ಕ್ಕೆ ಫೋನ್ ಮಾಡಿ. ಆ ಗಾಡಿಗೆ ರೊಕ್ಕ ಕೊಡಬೇಕಾಗಿಲ್ಲ.