ಹೆದ್ದಾರಿಯಲ್ಲಿ ಪಿಕಪ್ ನಡುಗುತ್ತಿದೆಯೇ? ಕಾರಣ ಹುಡುಕುವ ಕ್ರಮ ಇಲ್ಲಿದೆ



ಈಗ ಅನೇಕ ಸದಸ್ಯರ ಮನೆಯಲ್ಲಿ ಹಸುಗಳ ಜೊತೆಗೆ ಒಂದು ಪಿಕಪ್ ವಾಹನವೂ ಇದೆ. ಬೆಳಿಗ್ಗೆ ಸಂಘದಿಂದ ಶೀತಲೀಕರಣ ಕೇಂದ್ರಕ್ಕೆ ಹಾಲಿನ ಕ್ಯಾನು, ಮಧ್ಯಾಹ್ನ ಪಶು ಆಹಾರದ ಮೂಟೆ, ಸಂಜೆ ಹಸಿ ಮೇವು, ಎಲ್ಲವೂ ಅದರಲ್ಲೇ ಸಾಗಬೇಕು. ಊರಿನ ರಸ್ತೆಯಲ್ಲಿ 30–40 ಕಿ.ಮೀ. ವೇಗದಲ್ಲಿ ಸುಮ್ಮನೆ ಓಡುವ ಗಾಡಿ, ಹೆದ್ದಾರಿಗೆ ಬಂದು 65–70 ದಾಟಿದ ಕೂಡಲೇ ನಡುಗಲು ಶುರುಮಾಡುತ್ತದೆ. "ಹಳೇ ಗಾಡಿ, ಅದು ಹಂಗೇ" ಎಂದು ಎಷ್ಟೋ ಜನ ಹಾಗೆಯೇ ಓಡಿಸುತ್ತಾರೆ.

ನಡುಕಕ್ಕೆ ಕಾರಣ ಚಕ್ರಕ್ಕೆ ಮೆತ್ತಿದ ಒಂದು ಹಿಡಿ ಕೆಸರೂ ಇರಬಹುದು, ಸಡಿಲವಾದ ವೀಲ್ ನಟ್ಟೂ ಇರಬಹುದು. ಮೊದಲನೆಯದಕ್ಕೆ ಒಂದು ಬಕೆಟ್ ನೀರು ಸಾಕು. ಎರಡನೆಯದನ್ನು ನಿರ್ಲಕ್ಷಿಸಿದರೆ ಚಕ್ರವೇ ಕಳಚಿ ಹೋಗಬಹುದು. ಯಾವುದು ಯಾವುದೆಂದು ತಿಳಿಯಲು ಒಂದು ಕ್ರಮವಿದೆ. ಅದರಲ್ಲಿ ಹೆಚ್ಚಿನದನ್ನು ನೀವೇ ಮಾಡಬಹುದು.

ವೇಗ ಹೆಚ್ಚಿದಾಗಲೇ ಏಕೆ?

ಸಂಘದಲ್ಲಿ ಜಿಡ್ಡಿನ ಪರೀಕ್ಷೆಗೆ ಗರ್ಬರ್ ಸೆಂಟ್ರಿಫ್ಯೂಜ್ ಬಳಸುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಬ್ಯುಟಿರೋಮೀಟರ್‌ಗಳನ್ನು ಎದುರುಬದುರಾಗಿ ಜೋಡಿಯಾಗಿಯೇ ಇಡಬೇಕು. ಒಂದೇ ಕಡೆ ಇಟ್ಟು ತಿರುಗಿಸಿದರೆ ಯಂತ್ರ ಮೇಜಿನ ಮೇಲೆ ಕುಣಿಯುತ್ತದೆ. ಗಾಡಿಯ ಚಕ್ರವೂ ಹಾಗೆಯೇ, ಸುತ್ತಲೂ ತೂಕ ಸಮವಾಗಿರಬೇಕು.

ಪಿಕಪ್‌ನ ಚಕ್ರ ಗಂಟೆಗೆ 80 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 10 ಸುತ್ತು ತಿರುಗುತ್ತದೆ. 15 ಇಂಚಿನ ರಿಮ್ಮಿನ ಅಂಚಿನಲ್ಲಿ ಒಂದು ಕಡೆ 50 ಗ್ರಾಂ ಹೆಚ್ಚಿದ್ದರೆ, 40 ಕಿ.ಮೀ. ವೇಗದಲ್ಲಿ ಅದರ ಎಳೆತ ಸುಮಾರು 1 ಕೆ.ಜಿ. ಭಾರದಷ್ಟು. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ. ಅಂದರೆ 80ರಲ್ಲಿ ಅದೇ 50 ಗ್ರಾಂ ಸುಮಾರು 4 ಕೆ.ಜಿ.ಯಷ್ಟು ಬಲದಿಂದ ಸೆಕೆಂಡಿಗೆ 10 ಸಲ ಚಕ್ರವನ್ನು ಅಲುಗಿಸುತ್ತದೆ. ರಿಮ್ಮಿನ ಒಳಗೆ ಕಾಲು ಕೆ.ಜಿ. ಕೆಸರು ಒಣಗಿ ಕೂತಿದ್ದರೆ ಆ ಬಲ 15 ಕೆ.ಜಿ. ದಾಟುತ್ತದೆ. ಊರೊಳಗೆ ಕಾಣದ ದೋಷ ಹೆದ್ದಾರಿಯಲ್ಲಿ ಕಾಣುವುದು ಇದಕ್ಕೇ.

ಮೊದಲು ಓಡಿಸುತ್ತಲೇ ಗಮನಿಸಿ

ಮೆಕ್ಯಾನಿಕ್ ಬಳಿ ಹೋಗುವ ಮುನ್ನ ಈ ಐದು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಿ. ಇದಕ್ಕೆ ನೇರವಾದ, ವಾಹನ ಸಂಚಾರ ಕಡಿಮೆಯಿರುವ ರಸ್ತೆ ಬೇಕು. 80 ದಾಟುವ ಅಗತ್ಯವಿಲ್ಲ.

1. ನಡುಕ ಎಲ್ಲಿ ತಿಳಿಯುತ್ತದೆ? ಸ್ಟಿಯರಿಂಗ್ ಹಿಡಿದ ಕೈಗೆ ತಿಳಿದರೆ ಮುಂದಿನ ಚಕ್ರಗಳ ಕಡೆ ನೋಡಬೇಕು. ಕೈಗೆ ಅಷ್ಟಾಗಿ ತಿಳಿಯದೆ ಸೀಟು ಮತ್ತು ಕ್ಯಾಬಿನ್ನಿನ ತಳ ಅದುರಿದರೆ ಹಿಂದಿನ ಚಕ್ರ ಅಥವಾ ಪ್ರೊಪೆಲ್ಲರ್ ಶಾಫ್ಟ್ ಮೇಲೆ ಅನುಮಾನ.

2. ನಡುಕ ಹೇಗಿದೆ? ಚಕ್ರದ ದೋಷ ನಿಧಾನವಾಗಿ, ಎಣಿಸಬಹುದೇನೋ ಎನ್ನುವಂತೆ ಕುಲುಕುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಚಕ್ರಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ತಿರುಗುವುದರಿಂದ ಅದರ ದೋಷ ಸಣ್ಣಗೆ 'ಗುಂಯ್' ಎನ್ನುವ ಅದುರಾಗಿ ಕಾಲಿನ ಕೆಳಗೆ ಬರುತ್ತದೆ.

3. ಕ್ಲಚ್ ಒತ್ತಿದರೆ ಏನಾಗುತ್ತದೆ? ನಡುಕ ಬರುವ ವೇಗದಲ್ಲಿ ಕ್ಲಚ್ ಪೂರ್ತಿ ಒತ್ತಿ ಎರಡು ಕ್ಷಣ ಗಾಡಿಯನ್ನು ಅದರಷ್ಟಕ್ಕೆ ಬಿಡಿ. ನಡುಕ ಹಾಗೆಯೇ ಇದ್ದರೆ ಎಂಜಿನ್ ಕಾರಣವಲ್ಲ, ಚಕ್ರ ಅಥವಾ ಶಾಫ್ಟ್ ಕಾರಣ. ತಕ್ಷಣ ನಿಂತರೆ ಎಂಜಿನ್ ಮೌಂಟಿಂಗ್ ರಬ್ಬರ್, ಕ್ಲಚ್ ಅಥವಾ ಭಾರ ಎಳೆಯುವಾಗ ಮಾತ್ರ ಅದುರುವ ಜಾಯಿಂಟ್ ನೋಡಬೇಕು. ಈ ಪರೀಕ್ಷೆಗಾಗಿ ಎಂದಿಗೂ ಕೀ ಆಫ್ ಮಾಡಬೇಡಿ. ಬ್ರೇಕಿನ ಮತ್ತು ಸ್ಟಿಯರಿಂಗಿನ ಸಹಾಯ ಹೋಗುತ್ತದೆ, ಸ್ಟಿಯರಿಂಗ್ ಲಾಕ್ ಆಗುವ ಅಪಾಯವೂ ಇದೆ.

4. ಬ್ರೇಕ್ ಒತ್ತಿದಾಗ ಮಾತ್ರವೇ? ಹಾಗಿದ್ದರೆ ಬ್ರೇಕ್ ಡಿಸ್ಕ್ ಸೊಟ್ಟಗಾಗಿದೆ ಅಥವಾ ಹಿಂದಿನ ಡ್ರಮ್ ಗುಂಡಗಿಲ್ಲ. ಪೆಡಲ್ ಕೂಡ ಕಾಲಿಗೆ ಬಡಿದಂತಾಗುತ್ತದೆ.

5. ಖಾಲಿ ಗಾಡಿಯಲ್ಲೋ, ಲೋಡಿನಲ್ಲೋ? ಖಾಲಿಯಿದ್ದಾಗ ಅದುರಿ ಲೋಡಾದಾಗ ನಿಂತರೆ, ಅಥವಾ ಅದಕ್ಕೆ ತಿರುಗುಮುರುಗಾದರೆ, ಹಿಂದಿನ ಸ್ಪ್ರಿಂಗ್ ಮತ್ತು ಶಾಫ್ಟಿನ ಕೋನದ ಕಡೆ ಗಮನ ಹೋಗಬೇಕು.

ನಿಲ್ಲಿಸಿ ನೋಡುವ ತಪಾಸಣೆ

ಖರ್ಚಿಲ್ಲದ ಕೆಲಸ ಮೊದಲು. ಚಕ್ರಗಳ ಒಳಮೈಯನ್ನು ನೀರು ಬಿಟ್ಟು ತೊಳೆಯಿರಿ. ಕೊಟ್ಟಿಗೆ, ಗೊಬ್ಬರದ ಗುಂಡಿ, ಕೆಸರು ಗದ್ದೆಗೆ ಹೋಗಿಬರುವ ನಮ್ಮ ಗಾಡಿಗಳಲ್ಲಿ ಸಗಣಿ, ಕೆಸರು ರಿಮ್ಮಿನ ಒಳಗೆ ಒಣಗಿ ಕೂರುವುದು ಸಾಮಾನ್ಯ. ತೊಳೆದ ಮೇಲೆ ನಡುಕ ಹೋದರೆ ಕೆಲಸ ಮುಗಿಯಿತು.

ನಂತರ ವೀಲ್ ನಟ್ಟುಗಳು. ಪ್ರತಿ ಚಕ್ರದ ಎಲ್ಲ ನಟ್ಟುಗಳನ್ನು ವೀಲ್ ಸ್ಪ್ಯಾನರ್‌ನಿಂದ ಪರೀಕ್ಷಿಸಿ. ನಟ್ಟಿನ ಸುತ್ತ ತುಕ್ಕಿನ ಬಣ್ಣದ ಗೆರೆ ಇಳಿದಿದ್ದರೆ ಅದು ಅಲುಗಾಡುತ್ತಿದೆ ಎಂದರ್ಥ. ಬಿಗಿಯುವಾಗ ಅಕ್ಕಪಕ್ಕದ ನಟ್ಟು ಹಿಡಿಯದೆ ಎದುರುಬದುರಾಗಿ ಬಿಗಿಯಿರಿ. ಪಂಕ್ಚರ್ ಹಾಕಿಸಿದ ಅಥವಾ ಟಯರ್ ಬದಲಿಸಿದ ಮೇಲೆ 50–100 ಕಿ.ಮೀ. ಓಡಿಸಿ ಮತ್ತೊಮ್ಮೆ ಬಿಗಿಯುವುದನ್ನು ಮರೆಯಬೇಡಿ. ರಿಮ್ಮಿನ ತೂತು ಅಗಲವಾಗಿ ಸವೆದಿದ್ದರೆ ಆ ರಿಮ್ಮನ್ನು ಮತ್ತೆ ಬಳಸಬಾರದು.

ಆಮೇಲೆ ಟಯರ್. ಗಾಡಿ ತಣ್ಣಗಿರುವಾಗ ಗಾಳಿ ಪರೀಕ್ಷಿಸಿ. ಎಷ್ಟಿರಬೇಕೆಂದು ವಾಹನದ ಕೈಪಿಡಿಯಲ್ಲಿ ಖಾಲಿಗೂ ಲೋಡಿಗೂ ಕೊಟ್ಟಿರುತ್ತಾರೆ. ಅಂಗೈಯನ್ನು ಟಯರಿನ ಮೇಲ್ಮೈ ಮತ್ತು ಪಕ್ಕಗಳ ಮೇಲೆ ನಿಧಾನವಾಗಿ ಸುತ್ತಲೂ ಸವರಿ. ತಂತಿ ಚುಚ್ಚದಂತೆ ಎಚ್ಚರವಿರಲಿ. ಎಲ್ಲಾದರೂ ಉಬ್ಬು ಸಿಕ್ಕರೆ ಒಳಗಿನ ಪದರ ಬಿಟ್ಟಿದೆ, ಆ ಟಯರ್ ಯಾವ ಕ್ಷಣದಲ್ಲಾದರೂ ಸಿಡಿಯಬಹುದು. ಅದನ್ನು ಅಲ್ಲಿಯೇ ಬದಲಿಸಿ. ಅಲ್ಲಲ್ಲಿ ತಗ್ಗುದಿಣ್ಣೆಯಾಗಿ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಬೇರಿಂಗ್ ಸೋತಿರಬಹುದು. ರೀಟ್ರೆಡ್ ಟಯರ್ ಇದ್ದರೆ ಅದನ್ನು ಮುಂದಿನ ಚಕ್ರಕ್ಕೆ ಹಾಕದಿರುವುದು ಒಳ್ಳೆಯದು.

ರಿಮ್ಮಿನ ಅಂಚಿನಲ್ಲಿರುವ ಸಣ್ಣ ತೂಕದ ತುಂಡುಗಳನ್ನೂ ನೋಡಿ. ಎಲ್ಲಾದರೂ ಅಂಚಿನಲ್ಲಿ ಹೊಳೆಯುವ ಅಚ್ಚು ಮಾತ್ರ ಉಳಿದಿದ್ದರೆ ತೂಕ ಬಿದ್ದುಹೋಗಿದೆ, ಬ್ಯಾಲೆನ್ಸಿಂಗ್ ಮಾಡಿಸಬೇಕು.

ಜಾಕ್ ಹಾಕಿ ನೋಡುವುದು

ಸಮತಟ್ಟಾದ ಗಟ್ಟಿ ನೆಲದಲ್ಲಿ ಉಳಿದ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು ಒಂದು ಮುಂಚಕ್ರವನ್ನು ಎತ್ತಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಆಟ ಕಂಡರೆ ವೀಲ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಎಡಬಲ ಹಿಡಿದು ಅಲುಗಿಸಿದಾಗ ಮಾತ್ರ ಆಟ ಕಂಡರೆ ಟೈ ರಾಡ್ ಎಂಡ್. ಚಕ್ರವನ್ನು ಕೈಯಿಂದ ತಿರುಗಿಸಿದಾಗ ಬೀಸುಕಲ್ಲಿನಂತೆ ಗೊರಗೊರ ಶಬ್ದ ಬಂದರೆ ಬೇರಿಂಗ್ ಹೋಗಿದೆ. ಸೈಕಲ್ ಅಂಗಡಿಯವರು ಬೆಂಡು ನೋಡುವ ಹಾಗೆ, ರಿಮ್ಮಿನ ಅಂಚಿಗೆ ಒಂದು ಕಡ್ಡಿಯನ್ನು ಸ್ಥಿರವಾಗಿ ಹಿಡಿದು ಚಕ್ರ ತಿರುಗಿಸಿ. ಕಡ್ಡಿಗೂ ರಿಮ್ಮಿಗೂ ನಡುವಿನ ಸಂದು ಹೆಚ್ಚುಕಡಿಮೆಯಾದರೆ ರಿಮ್ ಸೊಟ್ಟಗಾಗಿದೆ. ಸೊಟ್ಟ ರಿಮ್ಮಿಗೆ ಎಷ್ಟು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಪ್ರಯೋಜನವಿಲ್ಲ.

ಬರೀ ಜಾಕ್ ನಂಬಿ ಯಾರೂ ಗಾಡಿಯ ಕೆಳಗೆ ಹೋಗಬಾರದು. ಜಾಕ್ ಜಾರಿದರೆ ತಪ್ಪಿಸಿಕೊಳ್ಳಲು ಸಮಯವೇ ಇರುವುದಿಲ್ಲ.

ಇಷ್ಟಾದರೂ ಗೊತ್ತಾಗದಿದ್ದರೆ ಮುಂದಿನ ಎರಡು ಚಕ್ರಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿ ಓಡಿಸಿ. ಸ್ಟಿಯರಿಂಗಿನಲ್ಲಿದ್ದ ನಡುಕ ಸೀಟಿಗೆ ಬಂದರೆ ದೋಷ ಆ ಚಕ್ರಗಳಲ್ಲಿದೆ. ಎಲ್ಲಿತ್ತೋ ಅಲ್ಲೇ ಉಳಿದರೆ ಚಕ್ರಗಳನ್ನು ಬಿಟ್ಟು ಬೇರೆಡೆ ಹುಡುಕಬೇಕು.

ಬ್ಯಾಲೆನ್ಸಿಂಗ್ ಬೇರೆ, ಅಲೈನ್‌ಮೆಂಟ್ ಬೇರೆ

ಬಹಳ ಜನ ಇವೆರಡನ್ನೂ ಒಂದೇ ಎಂದುಕೊಂಡಿದ್ದಾರೆ. ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತಿದ್ದರೆ, ಟಯರ್ ಒಂದೇ ಅಂಚಿನಲ್ಲಿ ಸವೆಯುತ್ತಿದ್ದರೆ ಅಲೈನ್‌ಮೆಂಟ್ ಬೇಕು. ಒಂದು ನಿರ್ದಿಷ್ಟ ವೇಗದಲ್ಲಿ ನಡುಕ ಬರುತ್ತಿದ್ದರೆ ಬ್ಯಾಲೆನ್ಸಿಂಗ್ ಬೇಕು. ಅಂಗಡಿಯಲ್ಲಿ ಬೇಕಾದದ್ದನ್ನು ಹೆಸರು ಹೇಳಿ ಕೇಳಿ. ಮುಂದಿನ ಎರಡಕ್ಕೆ ಮಾತ್ರವಲ್ಲದೆ ನಾಲ್ಕೂ ಚಕ್ರಗಳಿಗೆ ಬ್ಯಾಲೆನ್ಸಿಂಗ್ ಮಾಡಿಸಿ.

ಪ್ರೊಪೆಲ್ಲರ್ ಶಾಫ್ಟ್

ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದನೆಯ ಕೊಳವೆ ಇದು. ಗಾಡಿ ಹೊರಡುವಾಗ ಅಥವಾ ರಿವರ್ಸ್ ಹಾಕಿದಾಗ ಕೆಳಗಿನಿಂದ 'ಟಕ್' ಎಂದು ಬಡಿದ ಶಬ್ದ ಬಂದರೆ ಅದರ ಯು.ಜೆ. ಕ್ರಾಸ್ ಸವೆದಿರುವ ಸಾಧ್ಯತೆ ಹೆಚ್ಚು. ಕ್ರಾಸಿನ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಗ್ರೀಸ್ ಒಣಗಿದೆ. ಎರಡು ತುಂಡಿನ ಶಾಫ್ಟ್ ಇರುವ ಗಾಡಿಗಳಲ್ಲಿ ನಡುವಿನ ಬೇರಿಂಗ್‌ನ ರಬ್ಬರ್ ಹರಿದರೂ ಅದುರು ಬರುತ್ತದೆ. ಗ್ರೀಸ್ ನಿಪ್ಪಲ್ ಇದ್ದರೆ ಪ್ರತಿ ಸರ್ವಿಸಿನಲ್ಲೂ ಗ್ರೀಸ್ ಹೊಡೆಸಿ.

ಎರಡು ಎಚ್ಚರಿಕೆ. ಶಾಫ್ಟ್ ಬಿಚ್ಚುವ ಮುನ್ನ ಎರಡೂ ಭಾಗಗಳ ಮೇಲೆ ಗುರುತು ಹಾಕಿ ಅದೇ ಗುರುತಿಗೆ ಜೋಡಿಸಬೇಕು. ಇಲ್ಲದಿದ್ದರೆ ರಿಪೇರಿ ಮುಗಿದ ಮೇಲೆ ಹೊಸ ನಡುಕ ಶುರುವಾಗುತ್ತದೆ. ಇನ್ನು, ಹೆಚ್ಚು ಭಾರ ಹೊರಲಿ ಎಂದು ಹಿಂದಿನ ಸ್ಪ್ರಿಂಗಿಗೆ ಹೆಚ್ಚುವರಿ ಪ್ಲೇಟು ಹಾಕಿಸಿದರೆ ಹಿಂಭಾಗ ಎತ್ತರವಾಗಿ ಶಾಫ್ಟಿನ ಕೋನ ಬದಲಾಗುತ್ತದೆ. ಖಾಲಿ ಓಡುವಾಗ ಗಾಡಿ ಅದುರುವುದಕ್ಕೆ ಇದೂ ಒಂದು ಕಾರಣ.

ಲೋಡ್ ಹೇಗೆ ಇಟ್ಟಿದ್ದೀರಿ?

40 ಲೀಟರ್ ಹಾಲು ತುಂಬಿದ ಕ್ಯಾನು 50 ಕೆ.ಜಿ. ಸಮೀಪ ತೂಗುತ್ತದೆ. 20 ಕ್ಯಾನು ಎಂದರೆ ಹತ್ತಿರ ಹತ್ತಿರ ಒಂದು ಟನ್. ಅಷ್ಟೂ ಕ್ಯಾನನ್ನು ಹಿಂಬಾಗಿಲಿಗೆ ಒತ್ತಿ ಇಟ್ಟರೆ ಮುಂಭಾಗ ಹಗುರವಾಗಿ ಸ್ಟಿಯರಿಂಗ್ ಹಿಡಿತ ತಪ್ಪುತ್ತದೆ. ಕ್ಯಾಬಿನ್ ಕಡೆಯಿಂದ ಸಾಲಾಗಿ, ಎಡಬಲ ಸಮವಾಗಿ ಇಟ್ಟು ಹಗ್ಗ ಬಿಗಿಯಿರಿ. ಅರ್ಧ ತುಂಬಿದ ಕ್ಯಾನುಗಳು ಬೇಡ. ಕುಲುಕಾಟಕ್ಕೆ ಹಾಲು ಕಡೆದಂತಾಗಿ ಬೆಣ್ಣೆ ಕಟ್ಟಿದರೆ ಜಿಡ್ಡಿನ ಲೆಕ್ಕದಲ್ಲಿ ನಷ್ಟ ನಿಮಗೇ.

ಮುಂದೆ ಓಡಿಸಲೇಬಾರದ ಸಂದರ್ಭಗಳು

• ನಿನ್ನೆಯಿಲ್ಲದ ನಡುಕ ಇವತ್ತು ಒಮ್ಮೆಲೇ ಬಂದು, ಓಡಿಸಿದಷ್ಟೂ ಹೆಚ್ಚುತ್ತಿದ್ದರೆ.
• ನಟ್ಟು ಸಡಿಲವಿದ್ದರೆ, ಒಂದು ನಟ್ಟು ಅಥವಾ ಬೋಲ್ಟ್ ಇಲ್ಲದಿದ್ದರೆ.
• ಟಯರಿನಲ್ಲಿ ಉಬ್ಬು ಕಂಡರೆ.
• ಒಂದು ಚಕ್ರದ ಹಬ್ ಮಾತ್ರ ಉಳಿದವುಗಳಿಗಿಂತ ಬಹಳ ಬಿಸಿಯಾಗಿದ್ದರೆ. ಮುಟ್ಟದೆ, ಕೈಯನ್ನು ಹತ್ತಿರ ಒಯ್ದು ನೋಡಿ.
• ಗಾಡಿಯ ಅಡಿಯಿಂದ ಕಬ್ಬಿಣ ಬಡಿಯುವ ಶಬ್ದ ಬಂದರೆ. ಪ್ರೊಪೆಲ್ಲರ್ ಶಾಫ್ಟ್ ಕಳಚಿ ಮುಂದಿನ ತುದಿ ರಸ್ತೆಗೆ ನಾಟಿದರೆ ಗಾಡಿಯ ಹಿಂಭಾಗವೇ ಮೇಲೆದ್ದುಬಿಡಬಹುದು.

ಇಂಥ ಹೊತ್ತಿನಲ್ಲಿ ಜೋರಾಗಿ ಬ್ರೇಕ್ ಹಾಕದೆ, ವೇಗ ನಿಧಾನವಾಗಿ ಇಳಿಸಿ, ರಸ್ತೆಯಿಂದ ಪೂರ್ತಿ ಪಕ್ಕಕ್ಕೆ ನಿಲ್ಲಿಸಿ ಹಜಾರ್ಡ್ ದೀಪ ಹಾಕಿ. ಹಾಲು ತಡವಾಗುತ್ತದೆಂಬ ಆತಂಕ ಸಹಜ. ಸಂಘದ ಕಾರ್ಯದರ್ಶಿಗೆ ಮತ್ತು ಶೀತಲೀಕರಣ ಕೇಂದ್ರಕ್ಕೆ ಕೂಡಲೇ ಫೋನ್ ಮಾಡಿ, ಬೇರೆ ವಾಹನಕ್ಕೆ ಕ್ಯಾನು ಸಾಗಿಸುವ ಏರ್ಪಾಡು ಮಾಡಿ, ಅಲ್ಲಿಯವರೆಗೆ ಕ್ಯಾನುಗಳ ಮೇಲೆ ಒದ್ದೆ ಗೋಣಿಚೀಲ ಹೊದಿಸಿ ನೆರಳಿನಲ್ಲಿಡಿ. ಒಂದು ಹೊತ್ತಿನ ಹಾಲು ಹೋದರೆ ಮರುದಿನ ಮತ್ತೆ ಕರೆಯಬಹುದು.

ಮೆಕ್ಯಾನಿಕ್‌ಗೆ ಏನು ಹೇಳಬೇಕು?

"ಗಾಡಿ ನಡುಗುತ್ತೆ, ನೋಡಿ" ಎಂದಷ್ಟೇ ಹೇಳಿದರೆ ಒಂದೊಂದೇ ಭಾಗ ಬದಲಿಸುತ್ತಾ ಹೋಗುವ ಸಂಭವವಿದೆ. ಅದರ ಬದಲು ಹೀಗೆ ಹೇಳಿ: "70ರಲ್ಲಿ ಶುರುವಾಗುತ್ತೆ, ಸ್ಟಿಯರಿಂಗಿನಲ್ಲಿ ತಿಳಿಯುತ್ತೆ, ಕ್ಲಚ್ ಒತ್ತಿದರೂ ಹೋಗಲ್ಲ, ಚಕ್ರ ತೊಳೆದು ನಟ್ಟು ಬಿಗಿದು ನೋಡಿದ್ದೀನಿ." ಇಷ್ಟು ಕೇಳಿದ ಒಳ್ಳೆಯ ಮೆಕ್ಯಾನಿಕ್ ನೇರವಾಗಿ ಮುಂಚಕ್ರದ ಬ್ಯಾಲೆನ್ಸಿಂಗ್, ರಿಮ್ ಮತ್ತು ಬೇರಿಂಗ್‌ಗೆ ಬರುತ್ತಾನೆ. ನಿಮ್ಮ ಹಣವೂ ಸಮಯವೂ ಉಳಿಯುತ್ತದೆ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎನ್ನುತ್ತಾರೆ ಹಿರಿಯರು. ವಾರಕ್ಕೊಮ್ಮೆ ಹಾಲು ಇಳಿಸಿ ಬಂದ ಮೇಲೆ ಹತ್ತು ನಿಮಿಷ ಮೀಸಲಿಡಿ: ಚಕ್ರ ತೊಳೆಯುವುದು, ನಟ್ಟು ನೋಡುವುದು, ಗಾಳಿ ನೋಡುವುದು, ಟಯರ್ ಸವರುವುದು. ಹಸುವಿನ ಕೆಚ್ಚಲನ್ನು ದಿನಾ ಮುಟ್ಟಿ ನೋಡಿ ಬಾವು ಗುರುತಿಸುವ ನಿಮಗೆ ಇದೇನೂ ಕಷ್ಟದ ಕೆಲಸವಲ್ಲ.