ಮೇಜಿನ ಮೇಲೊಂದು ಗೂಡ್ಸ್ ಷೆಡ್ಡು

ನವಲಿಯ ಸುತ್ತಣ ಸೀಮೆಯನ್ನು ಭತ್ತದ ಕಣಜವೆಂದು ಕರೆಯುವುದು ವಾಡಿಕೆ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ನಿಂತು, ಎಡದಂಡೆಯ ಕಾಲುವೆಯಲ್ಲಿ ನೀರು ಹರಿದ ಮೇಲೆ ಬಂದ ಹೆಸರದು. ಕಣಜವೇನೋ ತುಂಬಿತು, ಅದನ್ನು ಹೊರುವ ರೈಲು ಬರಲು ಮಾತ್ರ ಬಹುಕಾಲ ಹಿಡಿಯಿತು. ಗಂಗಾವತಿಗೆ ಪ್ರಯಾಣಿಕರ ಗಾಡಿ ಬಂದುದು 2019ರಲ್ಲಿ, ಸಿಂಧನೂರಿಗೆ 2024ರಲ್ಲಿ. ನವಲಿಯವರು ರೈಲು ಹತ್ತಬೇಕಾದರೆ ಇಂದಿಗೂ ಬೇರೆ ಊರಿಗೇ ಹೋಗಬೇಕು.

ಇಂತಹ ಊರಿನಲ್ಲಿ ಕುಳಿತವನಿಗೆ ಮೇಜಿನ ಮೇಲೆ ಪುಟ್ಟ ರೈಲು ಓಡಿಸುವ ಹುಚ್ಚು ಹತ್ತಿದರೆ ಗತಿಯೇನು? ವಿದೇಶದ ತಯಾರಕರು ಪೆಟ್ಟಿಗೆಯಲ್ಲಿ ಕಳುಹಿಸುವ ಕಟ್ಟಡಗಳು ಕೈಗೆಟುಕದಷ್ಟು ದುಬಾರಿ. ಕೊಂಡರೂ ಅವು ಇಂಗ್ಲೆಂಡಿನ ಇಲ್ಲವೆ ಜರ್ಮನಿಯ ಹಳ್ಳಿಯ ಕಟ್ಟಡಗಳು. ಹಿಮ ಜಾರಲೆಂದು ಕಡಿದಾಗಿ ಇಳಿಸಿದ ಮಾಡು, ಹೊಗೆಗೂಡು, ಬಳ್ಳಿ ಹಬ್ಬಿದ ಗೋಡೆ. ಕೊಪ್ಪಳದ ಬಿಸಿಲಿಗೆ ಅವು ಒಪ್ಪುವುದುಂಟೆ? ಆದುದರಿಂದ ನಮ್ಮ ಷೆಡ್ಡನ್ನು ನಾವೇ ಕಟ್ಟಿಕೊಳ್ಳುವುದು ಲೇಸು.

ಮಾದರಿಗೆ ದೂರ ಹೋಗಬೇಕಾದುದಿಲ್ಲ. 1876-78ರ ಭೀಕರ ಬರದಲ್ಲಿ ಧಾನ್ಯವನ್ನು ಒಳನಾಡಿಗೆ ಸಾಗಿಸುವ ದಾರಿಯಿಲ್ಲದೆ ಜನ ಸತ್ತ ಮೇಲೆ, 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಗದಗು, ಕೊಪ್ಪಳ, ಹೊಸಪೇಟೆ, ಬಳ್ಳಾರಿಗಳನ್ನು ಪೋಣಿಸಿದ ಮೀಟರ್‌ಗೇಜು ಹಳಿ ಅದರದೇ. ಆ ಮಾರ್ಗದಲ್ಲಿ ಹತ್ತಿಯ ಅಂಡಿಗೆಗಳೂ ಕಾಳಿನ ಚೀಲಗಳೂ ಗೂಡ್ಸ್ ಷೆಡ್ಡಿನ ಮೂಲಕವೇ ಹಾದು ಹೋದವು. 1990ರ ದಶಕದಲ್ಲಿ ಹಳಿ ಅಗಲವಾಯಿತು. ಅಷ್ಟರೊಳಗೆ ಚಿಲ್ಲರೆ ಸರಕು ಲಾರಿಯ ಪಾಲಾಗಿತ್ತು. ರೈಲ್ವೆಯವರಿಗೂ ಒಂದೆರಡು ವ್ಯಾಗನ್ನಿನ ಸರಕಿಗಿಂತ ಇಡೀ ಗಾಡಿಯ ಸರಕೇ ಲಾಭದಾಯಕವಾಯಿತು. ಸಣ್ಣ ನಿಲ್ದಾಣಗಳ ಷೆಡ್ಡುಗಳು ಬೀಗ ಹಾಕಿಸಿಕೊಂಡು ನಿಂತವು, ಕೆಲವು ನೆಲಸಮವಾದವು. ನಿಲ್ದಾಣದ ಮುಖ್ಯ ಕಟ್ಟಡದ ಚಿತ್ರ ತೆಗೆಯುವವರು ನೂರು ಜನ. ಷೆಡ್ಡಿನ ಕಡೆಗೆ ತಿರುಗಿ ನೋಡಿದವರು ವಿರಳ. ಆದುದರಿಂದ ಒಂದು ಹಳೆಯ ಷೆಡ್ಡು ಕಣ್ಣಿಗೆ ಬಿದ್ದರೆ, ನಿಲ್ದಾಣದವರ ಅನುಮತಿ ಪಡೆದು, ಅಳತೆಯ ಟೇಪು ಹಿಡಿದು ಮೊದಲು ಅದರ ಲೆಕ್ಕ ಬರೆದುಕೊಳ್ಳಿರಿ. ಬಾಗಿಲಿನ ಅಗಲ, ಕಟ್ಟೆಯ ಎತ್ತರ, ಮಾಡು ಹೊರಚಾಚಿದ ದೂರ, ಈ ಮೂರನ್ನು ಎಂದಿಗೂ ಊಹೆಗೆ ಬಿಡಬೇಡಿರಿ.

ಷೆಡ್ಡೆಂಬುದು ಬರಿಯ ಕೋಣೆಯಲ್ಲ. ಎರಡು ಗಾಡಿಗಳ ನಡುವಣ ಸೇತುವೆ. ಒಂದು ಮಗ್ಗುಲಿಗೆ ವ್ಯಾಗನ್ನು, ಇನ್ನೊಂದು ಮಗ್ಗುಲಿಗೆ ಚಕ್ಕಡಿ ಅಥವಾ ಲಾರಿ. ಹಮಾಲನು ಬೆನ್ನ ಮೇಲಿನ ಚೀಲವನ್ನು ಕೆಳಗಿಳಿಸದೆ ನೇರವಾಗಿ ನಡೆದು ವ್ಯಾಗನ್ನಿನೊಳಗೆ ಹೋಗಬೇಕಾದುದರಿಂದ, ಕಟ್ಟೆಯ ಎತ್ತರವನ್ನು ವ್ಯಾಗನ್ನಿನ ನೆಲದ ಎತ್ತರಕ್ಕೆ ಹೊಂದಿಸುವುದು ಮುಖ್ಯ. ಮಳೆಯಲ್ಲಿ ಸರಕು ನೆನೆಯದಿರಲೆಂದು ಮಾಡು ಎರಡೂ ಕಡೆ ಚಾಚಿರುತ್ತದೆ. ಈ ಕಾರಣಗಳನ್ನು ಅರಿತವನ ಷೆಡ್ಡು ನಿಜವಾಗಿ ಕಾಣುತ್ತದೆ. ಅರಿಯದವನದು ಗೊಂಬೆಯ ಮನೆಯಂತೆ ಕಾಣುತ್ತದೆ, ಎಷ್ಟೇ ಬಣ್ಣ ಬಳಿದರೂ ಅಷ್ಟೆ.

ಇನ್ನು ಅಳತೆ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಎಚ್‌ಓ ಪ್ರಮಾಣದಲ್ಲಿ ನಿಜವಸ್ತುವಿನ 87ರಲ್ಲಿ ಒಂದು ಪಾಲು ಮಾದರಿ. ಅಡಿಗಳಲ್ಲಿ ಅಳೆದವರಿಗೆ ಇದು ಬಹಳ ಸುಲಭ: ಒಂದು ಅಡಿಗೆ ಮೂರೂವರೆ ಮಿಲಿಮೀಟರು. 60 ಅಡಿ ಉದ್ದ, 24 ಅಡಿ ಅಗಲದ ಷೆಡ್ಡು ಮೇಜಿನ ಮೇಲೆ 210 ಮಿ.ಮೀ. ಉದ್ದ, 84 ಮಿ.ಮೀ. ಅಗಲವಾಗುತ್ತದೆ. ಎಂಟಡಿಯ ಬಾಗಿಲು 28 ಮಿ.ಮೀ. ಐದೂವರೆ ಅಡಿಯ ಹಮಾಲನು ಬೆರಳಿನ ಗೆಣ್ಣಿಗಿಂತ ಕಿರಿದು, 19 ಮಿ.ಮೀ.! ಮೀಟರ್‌ಗೇಜು ಈ ಪ್ರಮಾಣದಲ್ಲಿ ಹನ್ನೊಂದೂವರೆ ಮಿ.ಮೀ. ಆಗುವುದರಿಂದ ಪೇಟೆಯಲ್ಲಿ ಸಿಗುವ 12 ಮಿ.ಮೀ. ಹಳಿ ಹೆಚ್ಚುಕಡಿಮೆ ಸರಿಹೊಂದುತ್ತದೆ. ನಮ್ಮ ಬ್ರಾಡ್‌ಗೇಜಿಗೆ ಆ ಭಾಗ್ಯವಿಲ್ಲ. ಅದಕ್ಕೆ 19 ಮಿ.ಮೀ.ಗೂ ಮೀರಿದ ಹಳಿ ಬೇಕು, ದೊರೆಯುವುದು ಹದಿನಾರೂವರೆಯದು.

ಗೋಡೆಗೆ ಮನೆಯಲ್ಲಿ ಬಿದ್ದಿರುವ ಲಗ್ನಪತ್ರಿಕೆಗಳೇ ಸಾಕು. ದಪ್ಪ ಕಾಗದ, ಬಾಗದ ಕಾಗದ. ಮೂರು ನಾಲ್ಕು ಹಾಳೆಗಳನ್ನು ಅಂಟಿಸಿ, ಭಾರದಡಿ ಒಂದು ರಾತ್ರಿ ಇಟ್ಟರೆ ಹಲಗೆಯಂತಾಗುತ್ತದೆ. ಅಂಟಿನ ವಿಷಯದಲ್ಲಿ ನಾವು ಕಿನ್ನಾಳದವರಿಂದ ಪಾಠ ಹೇಳಿಸಿಕೊಳ್ಳಬೇಕು. ಕೊಪ್ಪಳದ ಬಳಿಯ ಆ ಊರಿನ ಚಿತ್ರಗಾರರು ಹಗುರ ಮರದ ಗೊಂಬೆಗಳ ಕೀಲುಗಳನ್ನು ಹುಣಿಸೆಬೀಜದ ಸರಿಯಿಂದ ಕೂಡಿಸುತ್ತ ಬಂದಿದ್ದಾರೆ. ಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಸಿ ಅರೆದು ಕುದಿಸಿದರೆ ಅಂಟು ಸಿದ್ಧ. ಅದೇ ಸರಿಗೆ ಮರದ ಹೊಟ್ಟನ್ನು ಕಲಸಿ ಕಟ್ಟೆಯ ಮೇಲೆ ಸವರಿ, ಆರುವ ಮುನ್ನ ಕಡ್ಡಿಯಿಂದ ಗೀರಿದರೆ ಕಲ್ಲಿನ ಕಟ್ಟಡದ ಸಂದುಗಳು ಮೂಡುತ್ತವೆ. ಹುಳು ಹತ್ತದಿರಲು ಪುಸ್ತಕ ಕಟ್ಟುವವರು ಸರಿಗೆ ಚಿಟಿಕೆ ಮೈಲುತುತ್ತ ಹಾಕುವುದುಂಟು. ಅದು ವಿಷ, ಮಕ್ಕಳ ಕೈಗೂ ಅಡುಗೆಯ ಪಾತ್ರೆಗೂ ದೂರವಿರಲಿ.

ಮಾಡಿನಲ್ಲಿಯೇ ಹೊಸಬರು ಎಡವುವುದು. ಅವರು ನೆಲದ ಅಗಲವನ್ನು ಅಳೆದು ಅಷ್ಟಕ್ಕೇ ತಗಡು ಕತ್ತರಿಸುತ್ತಾರೆ. ಓರೆ ನಿಂತಾಗ ಅದು ಸಾಲದು. ನಮ್ಮ ಷೆಡ್ಡಿನ ಮಾಡು ಎರಡೂ ಕಡೆ ನಾಲ್ಕು ನಾಲ್ಕು ಅಡಿ ಚಾಚಿದೆಯೆಂದರೆ ಒಟ್ಟು ಅಗಲ 32 ಅಡಿ, ನಡುವಿನಿಂದ ಅಂಚಿಗೆ 16 ಅಡಿ. ನಡುಬೆನ್ನು ಆರಡಿ ಎತ್ತರವಾದರೆ ಓರೆಯ ಉದ್ದ 17 ಅಡಿ ಮತ್ತು ಒಂದಂಗುಲ. ಆರಡಿಯ ತಗಡುಗಳನ್ನು ಮೂರು ಸಾಲಾಗಿ, ಒಂದರ ಮೇಲೊಂದು ಅರ್ಧ ಅಡಿ ಏರುವಂತೆ ಹೊದಿಸಿದರೆ 17 ಅಡಿ ಮುಚ್ಚುತ್ತದೆ. ಉಳಿದ ಕೂದಲೆಳೆಯನ್ನು ನಡುಬೆನ್ನಿನ ಪಟ್ಟಿ ನುಂಗಿಕೊಳ್ಳುತ್ತದೆ.

ತಗಡಿನ ಅಲೆಗಳಿಗೆ ಯಂತ್ರ ಬೇಡ, ಹೇನು ಹೆಕ್ಕುವ ಸಣ್ಣ ಹಲ್ಲಿನ ಹಣಿಗೆ ಸಾಕು. ನಿಜವಾದ ತಗಡಿನ ಅಲೆ ಮೂರು ಅಂಗುಲಕ್ಕೊಂದು. ನಮ್ಮ ಪ್ರಮಾಣದಲ್ಲಿ ಅದು ಒಂದು ಮಿ.ಮೀ.ಗೂ ತುಸು ಕಡಿಮೆ. ಅಡುಗೆಮನೆಯ ಅಲ್ಯುಮಿನಿಯಂ ಹಾಳೆಯನ್ನು ಹಣಿಗೆಯ ಮೇಲಿಟ್ಟು ಬೆಂಕಿಕಡ್ಡಿಯಿಂದ ಮೆಲ್ಲನೆ ಉಜ್ಜಿದರೆ ಸಾಲುಗಳು ಏಳುತ್ತವೆ. ಒಂದೊಂದು ತಗಡೂ 21 ಮಿ.ಮೀ. ಉದ್ದವಿರಲಿ. ಇಡೀ ಮಾಡಿಗೆ ಒಂದೇ ಹಾಳೆ ಹೊದಿಸುವ ಸೋಮಾರಿತನ ದೂರದಿಂದಲೇ ತಿಳಿದುಬಿಡುತ್ತದೆ. ಕೆಳಗಿನ ಸಾಲನ್ನು ಮೊದಲು ಅಂಟಿಸಿ ಮೇಲಕ್ಕೆ ಹೋಗಬೇಕು, ಮಳೆನೀರಿನ ನ್ಯಾಯ ಅದೇ. ಜಂತಿಗಳಿಗೆ ಉರಿದುಹೋದ ಊದುಬತ್ತಿಯ ಕಡ್ಡಿಗಳು.

ಬಣ್ಣಕ್ಕೆ ಜಾಜು ಮತ್ತು ಇದ್ದಿಲಪುಡಿ. ತಗಡಿನ ಕೂಡುಗಳಲ್ಲಿ, ಮೊಳೆಯ ಸಾಲಿನಲ್ಲಿ ಒಣಜಾಜನ್ನು ಕುಂಚದ ತುದಿಯಿಂದ ಮೇಲಿನಿಂದ ಕೆಳಕ್ಕೆ ಎಳೆದರೆ ತುಕ್ಕು ಇಳಿದಂತೆ ತೋರುತ್ತದೆ. ಇದ್ದಿಲು ಹಳಿಯ ಮಗ್ಗುಲಿಗೆ ಮಾತ್ರ, ಏಕೆಂದರೆ ಉಗಿಯಂತ್ರ ಹೊಗೆಯುಗುಳಿದ್ದು ಆ ಕಡೆಗೆ. ಚಕ್ಕಡಿಯ ಮಗ್ಗುಲಿಗೆ ಕೆಂಧೂಳು. ಕಟ್ಟೆಯ ಅಂಚಿನ ಕಲ್ಲು ಬಾಗಿಲಿನೆದುರು ತುಸು ಸವೆದು ನುಣುಪಾಗಿರಲಿ. ಎಷ್ಟು ಬರಿಗಾಲುಗಳು ಅಲ್ಲಿ ದಾಟಿದ್ದವೋ!

ಷೆಡ್ಡನ್ನು ಹಲಗೆಗೆ ಅಂಟಿಸುವ ಮೊದಲು ನಿಮ್ಮಲ್ಲಿರುವ ಅತ್ಯಂತ ಅಗಲದ ವ್ಯಾಗನ್ನನ್ನೂ ಎಂಜಿನ್ನನ್ನೂ ಕೈಯಿಂದ ತಳ್ಳಿ ಕಟ್ಟೆಯ ಪಕ್ಕದಲ್ಲಿ ಓಡಿಸಿ ನೋಡಿರಿ. ಹಳಿ ಅಲ್ಲಿ ಬಾಗಿದ್ದರೆ ಉದ್ದದ ವ್ಯಾಗನ್ನಿನ ಮೂಲೆ ಹೊರಕ್ಕೆ ಚಾಚಿ, ಹೊಟ್ಟೆ ಒಳಕ್ಕೆ ಸರಿಯುತ್ತದೆ. ಷೆಡ್ಡಿಗೆ ನೇರ ಹಳಿಯೇ ಮೇಲು. ತಗಲದೆ ಹಾದುಹೋದರೆ ಪೆನ್ಸಿಲಿನಿಂದ ಕಟ್ಟೆಯ ಸುತ್ತ ಗೆರೆ ಎಳೆದುಕೊಂಡು ಅಂಟು ಹಚ್ಚಿರಿ. ಚೀಲಗಳನ್ನು ಆ ಮೇಲೆ ಪೇರಿಸಬಹುದು. ಮೂರಡಿಯ ಭತ್ತದ ಚೀಲವೆಂದರೆ ಹತ್ತೂವರೆ ಮಿ.ಮೀ., ಹಳೆಯ ಪಂಚೆಯ ಚೂರಿನಲ್ಲಿ ರವೆ ಕಟ್ಟಿದರೆ ಆಯಿತು.